ಲಿಮೆರಿಕ್‌ನಲ್ಲಿ ಹೊಲಿದ ಕೌದಿ

ಕಳೆದ ತಿಂಗಳು ಒಂದು ದಿನದ ತರಬೇತಿಗೆಂದು ನಮ್ಮ ಆಸ್ಪತ್ರೆಯವರು ನನ್ನನ್ನು ಲಿಮೆರಿಕ್‌ಗೆ ಕಳಿಸಿದ್ದರು. ಐರ್ಲೆಂಡಿನಲ್ಲೇ ಇನ್ನೊಂದು ಕಡೆ, ಕ್ಯಾಸಲ್‌ನಾಕ್‌ಗೆ ಬಂದು ನೆಲೆಸಿದ ಮೇಲೆ ಆ ಊರಿನ ಕಡೆ ಹೋದದ್ದೇ ಕಡಿಮೆ. ಮೂರು ಗಂಟೆಗೆಲ್ಲ ತರಬೇತಿ ಮುಗಿಯಿತು. ರೈಲಿಗೆ ಇನ್ನೂ ಹೊತ್ತಿತ್ತು. ಬರಲೋ ಬೇಡವೋ ಎನ್ನುವ ಹಾಗೆ ಮಳೆ ಹನಿಯುತ್ತಿತ್ತು. ಕಾಲು ತಾನಾಗಿ ಚರ್ಚಿನ ಹಿಂದಿನ ಹಾಲ್ ಕಡೆ ನಡೆಯಿತು. ಬಾಗಿಲು ತೆರೆದಿತ್ತು, ಒಳಗೆ ಯಾರೋ ಹೆಂಗಸರು ಕುರ್ಚಿ ಜೋಡಿಸುತ್ತಿದ್ದರು. ನೆಲಕ್ಕೆ ಹಚ್ಚಿದ ಪಾಲಿಶ್, ಗೂಟಕ್ಕೆ ತೂಗುಬಿಟ್ಟ ಒದ್ದೆ ಕೋಟುಗಳು, ದೊಡ್ಡ ಪಾತ್ರೆಯಲ್ಲಿ ಬೆಳಗಿನಿಂದ ಕುದ್ದು ಕಪ್ಪಾದ ಚಹಾ, ಈ ಮೂರೂ ಬೆರೆತ ಆ ಹಳೆಯ ವಾಸನೆ ಮೂಗಿಗೆ ಬಿದ್ದದ್ದೇ, ನಾನು ಅಲ್ಲೇ ಒಂದು ಕುರ್ಚಿಯಲ್ಲಿ ಕುಳಿತುಬಿಟ್ಟೆ. ಆ ಊರಿನಲ್ಲಿ ನಾನು ಕಳೆದ ಮೊದಲ ಅಕ್ಟೋಬರ್ ಪೂರ್ತಿಯಾಗಿ ಎದುರಿಗೆ ಬಂದು ನಿಂತಿತು.

ನಾನು ಯಾರು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಸುಶೀಲಾ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಗಳು. ನಮ್ಮ ಹಿರಿಯರು ಆಫ್ರಿಕಾದವರು. ಗೋವೆಯ ಪರಂಗಿಯವರು ಅವರನ್ನು ಆಳುಗಳನ್ನಾಗಿ ಹಡಗಿನಲ್ಲಿ ತಂದರು. ಕೆಲವರು ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿಕೊಂಡರು. ಅಷ್ಟೇ ನಮಗೆ ಗೊತ್ತಿರುವುದು. ಯಾವ ಊರು, ಯಾವ ಭಾಷೆ, ಯಾರ ಮಕ್ಕಳು ಎಂಬುದನ್ನೆಲ್ಲ ದಾರಿಯಲ್ಲೇ ಕಳೆದುಕೊಂಡೆವು. ಮಹಾನವಮಿಯಲ್ಲಿ ಹಿರಿಯರಿಗೆ ಎಡೆ ಇಡುವಾಗಲೂ ನಮ್ಮ ಮನೆಯಲ್ಲಿ ಬಹಳ ಹಿಂದಿನವರ ಹೆಸರು ಕರೆಯುವ ರೂಢಿಯಿಲ್ಲ. ಹಿರಿಯರೇ ಎಂದರೆ ಎಲ್ಲರೂ ಬಂದಂತೆ. ನನಗೆ ಮಾತು ಕಲಿಸಿದವಳು ನಮ್ಮಮ್ಮನ ಅಕ್ಕ, ದೊಡ್ಡವ್ವ. ಅವಳು ಕಟ್ಟೆಯ ಮೇಲೆ ಕಾಲು ಚಾಚಿ, ಬಟ್ಟೆಯ ತುಂಡು ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತಾ ಕಥೆ ಹೇಳುತ್ತಿದ್ದಳು, ನಾನು ಅವಳ ತೊಡೆಗೆ ತಲೆ ಕೊಟ್ಟು ಕೇಳುತ್ತಿದ್ದೆ. ಕಥೆ ಕಲಿತೆ, ಕನ್ನಡ ಕಲಿತೆ. ಸೂಜಿ ಹಿಡಿ ಅಂದಾಗ ಮಾತ್ರ ಓದುವುದಿದೆ ಎಂದು ಎದ್ದು ಹೋಗುತ್ತಿದ್ದೆ.

ನರ್ಸಿಂಗ್ ಮುಗಿಸಿ, ಪರವಾನಗಿ ಹಿಡಿದು ಲಿಮೆರಿಕ್ ಆಸ್ಪತ್ರೆಗೆ ಬಂದೆ. ವಾರ್ಡಿನಲ್ಲಿ ಅಜ್ಜ ಅಜ್ಜಿಯರು ಅಕ್ಕರೆಯಿಂದ, ನೈಜೀರಿಯಾನಾ ಮಗಾ, ಎಂದು ಕೇಳುವರು. ಇಂಡಿಯಾ ಎಂದರೆ ನಕ್ಕು, ಅದು ಸರಿ, ಆದರೆ ನಿಜವಾಗಿ ಎಲ್ಲಿಯವಳು, ಎನ್ನುವರು. ಚೆನ್ನಾಗಿದೆ, ಆಯಿತು ಎನ್ನುವುದಕ್ಕೆಲ್ಲ ಅಲ್ಲಿಯವರು ಅನ್ನುವ ಹಾಗೆ ನಾನೂ ಗ್ರ್ಯಾಂಡ್ ಎಂದು ಹೇಳಿ ಬಿಪಿ ನೋಡುತ್ತಿದ್ದೆ. ಕನ್ನಡದವರ ಯುಗಾದಿ ಊಟಕ್ಕೆ ಹೋದರೆ ಅಲ್ಲಿಯೂ ಇದೇ. ಧಾರವಾಡದ ಡಾಕ್ಟರ್ ಮಂಜುಳಾ ಹೋಳಿಗೆ ಬಡಿಸುತ್ತಾ ಬಂದವರು ನನ್ನ ತಟ್ಟೆಯ ಮುಂದೆ ನಿಂತು, ಇದು ನಮ್ಮ ಸಿಹಿ ರೊಟ್ಟಿ, ಒಳಗೆ ಬೇಳೆ ಇರುತ್ತದೆ, ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹೂರಣ ಚೊಲೋ ಆಗೇತ್ರೀ ಅಕ್ಕಾ, ಯಾಲಕ್ಕಿ ಒಂಚೂರು ಕಡಿಮಿ ಬಿದ್ದೈತಿ" ಅಂದೆ. ಅವರ ಕೈಯ ತಟ್ಟೆ ಓರೆಯಾಗಿ ಎರಡು ಹೋಳಿಗೆ ನೆಲಕ್ಕೆ ಬಿದ್ದವು. ಅವತ್ತಿನಿಂದ ಮಂಜುಳಕ್ಕ ನನಗೆ ಆ ದೇಶದಲ್ಲಿ ಹತ್ತಿರದವರಾದರು.

ಇನ್ನು ಈ ಹಾಲ್. ಇಲ್ಲಿ ಶನಿವಾರ ಶನಿವಾರ ಆಫ್ರಿಕಾ ಮತ್ತು ಕೆರಿಬಿಯನ್ ಮೂಲದ ಹೆಂಗಸರ ಒಂದು ಗುಂಪು ಸೇರುತ್ತಿತ್ತು. ನನ್ನನ್ನು ಎಳೆದುಕೊಂಡು ಬಂದವರು ಮಿಸ್ ಪರ್ಲ್. ಜಮೈಕಾದಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಬಸ್ ಕಂಡಕ್ಟರ್ ಆಗಿದ್ದು, ಒಬ್ಬ ಲಿಮೆರಿಕ್ ಗಂಡಸನ್ನು ಕಟ್ಟಿಕೊಂಡು ಇಲ್ಲಿಗೆ ಬಂದು, ಅವನನ್ನೂ ಕಳೆದುಕೊಂಡು ಒಂಟಿಯಾಗಿದ್ದ ಎಂಬತ್ತರ ಹತ್ತಿರದ ಮುದುಕಿ. ಮೊಣಕಾಲಿನ ಆಪರೇಷನ್ನಿಗೆ ನಮ್ಮ ವಾರ್ಡಿಗೆ ಬಂದಾಗ ನನ್ನನ್ನು ಹಿಡಿದುಕೊಂಡರು. ಗುಂಪಿನ ಕಾರ್ಯದರ್ಶಿ ಚಿಯೋಮಾ, ನೈಜೀರಿಯಾದವರು, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅವರನ್ನು ನಾವೆಲ್ಲ ಆಂಟಿ ಎನ್ನುತ್ತಿದ್ದೆವು. ಅವರ ಪೆನ್ನಿನಲ್ಲಿ ಬರೆಯದ ಯಾವ ಕೆಲಸವೂ ಆ ಹಾಲ್‌ನಲ್ಲಿ ನಡೆಯುತ್ತಿರಲಿಲ್ಲ.

ಅಕ್ಟೋಬರ್ ಕೊನೆಯ ಶನಿವಾರ ಒಂದು ಪ್ರದರ್ಶನ ಮಾಡುವುದೆಂದು ಚಿಯೋಮಾ ಆಂಟಿ ನಿಶ್ಚಯಿಸಿದ್ದರು. ಒಂದೊಂದು ಮನೆಯಿಂದ ಒಂದೊಂದು ವಸ್ತು. ಪಕ್ಕದಲ್ಲಿ ಒಂದು ಕಾರ್ಡು, ಅದರಲ್ಲಿ ವಸ್ತುವಿನ ಹೆಸರು, ತಂದವರ ಹೆಸರು, ದೇಶ. ಅದಕ್ಕೆ ಕಾರಣವೂ ಇತ್ತು. ಅವರ ಮಗಳ ತರಗತಿಯಲ್ಲಿ ಆಫ್ರಿಕಾ ಎಂದರೆ ನೆನಪಾಗುವ ಮೂರು ವಿಷಯ ಹೇಳಿ ಎಂದಾಗ ಮಕ್ಕಳು ಹಸಿವು, ಸಿಂಹ, ಮತ್ತೆ ಹಸಿವು ಎಂದಿದ್ದರಂತೆ. ಒಂದು ದಿನವಾದರೂ ನಮ್ಮ ಗೋಡೆಯ ಮೇಲೆ ನಮ್ಮ ಕೈಕೆಲಸ ಮಾತ್ರ ಇರಲಿ, ಎಂಬುದು ಅವರ ಆಸೆ. ಸೆಪ್ಟೆಂಬರಿನ ಮೊದಲ ಸಭೆಯಲ್ಲಿ ಎಲ್ಲರೂ ಏನು ತರುತ್ತೇವೆಂದು ಹೇಳುತ್ತಾ ಬಂದರು. ಚಿಯೋಮಾ ಆಂಟಿ ತಮ್ಮ ತಂದೆ ಕೂರುತ್ತಿದ್ದ ಕೆತ್ತನೆಯ ಮಣೆ ತರುವವರಿದ್ದರು. ಅದನ್ನು ಕೆತ್ತಿಸಿದವರಿಂದ ಹಿಡಿದು ಏಳು ತಲೆಮಾರಿನ ಹೆಸರು ಒಂದೇ ಉಸಿರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಜನ ಆಫ್ರಿಕಾದ ಯಾವ ಕಡೆಯವರು, ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಯಾರೋ ಚಮಚ ಕೆಳಗಿಟ್ಟ ಸದ್ದು ಕೇಳಿಸಿತು.

ಮಿಸ್ ಪರ್ಲ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ, "ನಂಗೂ ಗೊತ್ತಿಲ್ಲ. ನಮ್ಮನ್ನ ಹಡಗಿಗೆ ಹತ್ತಿಸಿದೋರು ವಿಳಾಸ ಬರೆದಿಟ್ಟಿರಲಿಲ್ಲ. ನಮ್ಮೋರನ್ನ ಆ ಕಡೆ ಹತ್ತಿಸಿದ್ರು, ಇವಳೋರನ್ನ ಈ ಕಡೆ" ಅಂದರು.

ಅವರ ಮಾತಿನಿಂದ ಬಂದ ಹುರುಪೋ, ಏಳು ತಲೆಮಾರಿನ ಎದುರು ಬರಿಗೈಯಲ್ಲಿ ಕುಳಿತ ಸಂಕಟವೋ, ನನ್ನ ಬಾಯಿಂದ ಒಂದು ಮಾತು ಹಾರಿಹೋಯಿತು: ನಮ್ಮ ಹೆಂಗಸರು ಕೌದಿ ಹೊಲಿಯುತ್ತಾರೆ, ನಾನೇ ಕೈಯಾರೆ ಒಂದನ್ನು ಹೊಲಿದು ತರುತ್ತೇನೆ. ಚಿಯೋಮಾ ಆಂಟಿ ಬರೆದುಕೊಂಡರು. ಗೋಡೆಯಲ್ಲಿ ಕಿಟಕಿಯ ಪಕ್ಕದ ಜಾಗ ನನ್ನದಾಯಿತು. ಮನೆಗೆ ನಡೆಯುವಾಗ ನೆನಪಾಯಿತು, ನನಗೆ ಗುಂಡಿ ಹಚ್ಚಲೂ ನೆಟ್ಟಗೆ ಬರುವುದಿಲ್ಲ.

ಇಂಟರ್ನೆಟ್ಟಿನಲ್ಲಿ ನೋಡಿ, ಬಟ್ಟೆಯನ್ನು ಅಳತೆ ಹಿಡಿದು ಚೌಕ ಚೌಕ ಕತ್ತರಿಸಿ, ನಡುವಿನಿಂದ ಸುರು ಮಾಡಿ ಹೊಲಿದೆ. ಎರಡು ವಾರದ ಮೇಲೆ ಹೆಮ್ಮೆಯಿಂದ ದೊಡ್ಡವ್ವನಿಗೆ ವಿಡಿಯೋ ಕರೆ ಮಾಡಿದೆ. ಅವಳು ವಿಡಿಯೋ ಕರೆಯಲ್ಲೂ ಫೋನನ್ನು ಕಿವಿಗೇ ಒತ್ತಿಕೊಳ್ಳುವವಳು. ಬಹಳ ಹೊತ್ತು ನನಗೆ ಕಂಡದ್ದು ಅವಳ ಓಲೆ ಮಾತ್ರ. ಕೊನೆಗೆ ಕಣ್ಣೆದುರು ಹಿಡಿದು ನೋಡಿದಳು.

"ಯವ್ವಾ, ಇದೇನ ಚೆಸ್ ಆಡೋ ಹಲಗಿ ಮಾಡೀ. ನಡುವಿಂದ ಯಾರ ಸುರು ಮಾಡ್ತಾರ? ಮೂಲಿ ಹಿಡದು ದಂಡಿಗುಂಟ ಸುತ್ತಕೋತ ಒಳಗ ಬರಬೇಕು. ಬಟ್ಟಿ ಕತ್ತರಿಸಬ್ಯಾಡ, ಅದು ಹೆಂಗ ಹರದೈತೋ ಹಂಗ ಕುಂದರಸು."

ಪೂರ್ತಿ ಬಿಚ್ಚಿದೆ. ಮತ್ತೆ ಸುರು ಮಾಡಿದೆ. ಅವಳು ಮೂಲೆಯ ಹೂವಿನ ವಿಷಯವನ್ನೂ ನೆನಪಿಸಿದಳು. ನಮ್ಮ ಕೇರಿಯಲ್ಲಿ ಕೌದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೊಲಿಯುತ್ತಾರೆ, ಅದಕ್ಕೆ ಹೂವು ಎನ್ನುತ್ತೇವೆ. ಹೂವಿಲ್ಲದಿದ್ದರೆ ಕೌದಿ ಬರಿಮೈಯಲ್ಲಿದೆ ಎಂದು ಲೆಕ್ಕ, ಅದನ್ನು ನಾಲ್ಕು ಜನರ ಮುಂದೆ ಬಿಡಿಸುವಂತಿಲ್ಲ. ದೊಡ್ಡವ್ವನ ಮನೆಯಲ್ಲಿ ಇನ್ನೂ ಒಂದು ಕಟ್ಟಳೆ: ಆ ನಾಲ್ಕು ಹೂವು ನಾಲ್ಕು ಬೇರೆ ಮನೆಯ ಬಟ್ಟೆಯಿಂದ ಆಗಬೇಕು. ಕೇಳಿ ತರುವಂತಿಲ್ಲ, ಕೊಟ್ಟರೆ ತಗೊಳ್ಳಬೇಕು. ಒಂದು ಶನಿವಾರ ಚಹಾ ಕುಡಿಯುತ್ತಾ ಇದನ್ನೆಲ್ಲ ಮಿಸ್ ಪರ್ಲ್‌ಗೆ ಹೇಳಿದೆ. ಅವರು ಕೇಳಿ ಬಹಳ ನಕ್ಕರು. ಪಕ್ಕದಲ್ಲಿ ಚಿಯೋಮಾ ಆಂಟಿ ಕಪ್ಪು ತೊಳೆಯುತ್ತಿದ್ದರು.

ಎಡವಟ್ಟಾದದ್ದು ಅಕ್ಟೋಬರಿನ ಮೊದಲ ವಾರ. ಅರ್ಧ ಹೊಲಿದ ಕೌದಿಯನ್ನು ಹಾಲ್‌ನಲ್ಲಿ ಹರವಿಕೊಂಡು ಕುಳಿತಿದ್ದೆ. ಡ್ಯೂಟಿ ಮುಗಿಸಿ ಮಂಜುಳಕ್ಕ ನೋಡಲು ಬಂದರು. ಕೌದಿ ಕಂಡದ್ದೇ ಅವರ ಕಣ್ಣು ತುಂಬಿತು. ಮುಟ್ಟಿ ಮುಟ್ಟಿ ನೋಡಿ, ಪಕ್ಕದಲ್ಲಿ ನಿಂತಿದ್ದ ಚಿಯೋಮಾ ಆಂಟಿಗೆ ಇಂಗ್ಲಿಷಿನಲ್ಲಿ ಹೇಳತೊಡಗಿದರು. ನಮ್ಮ ಅಜ್ಜಿ ಹೀಗೇ ಹೊಲಿಯುತ್ತಿದ್ದಳು, ಉತ್ತರ ಕರ್ನಾಟಕದಲ್ಲಿ ಕೌದಿಯಿಲ್ಲದ ಮನೆಯೇ ಇಲ್ಲ, ನಾವೆಲ್ಲ ಇದನ್ನೇ ಹೊದ್ದು ಬೆಳೆದವರು. ಪ್ರೀತಿಯಿಂದ ಆಡಿದ ಮಾತು. ಆದರೆ ಚಿಯೋಮಾ ಆಂಟಿಯ ಹುಬ್ಬು ಮೇಲೇರಿದ್ದನ್ನು ನಾನು ನೋಡಿದೆ.

ಮಂಜುಳಕ್ಕ ಹೋದ ಮೇಲೆ ಆಂಟಿ ನನ್ನ ಎದುರು ಕುರ್ಚಿ ಎಳೆದುಕೊಂಡು ಕುಳಿತರು. ದನಿ ಏರಿಸಲಿಲ್ಲ.

"ಸುಶೀಲಾ, ಹಾಗಾದ್ರೆ ಇದು ಇಂಡಿಯಾದ್ದು. ಇಂಡಿಯಾದೋರಿಗೆ ದೀಪಾವಳಿ ಇದೆ, ದೊಡ್ಡದಾಗಿ ಮಾಡ್ತಾರೆ, ಚೆನ್ನಾಗೂ ಮಾಡ್ತಾರೆ. ನಮಗಿರೋದು ಇದೊಂದೇ ದಿನ, ಒಂದೇ ಗೋಡೆ. ಹಿಂದಿನ ದಿನ ಶುಕ್ರವಾರ ಬಂದು ನೋಡ್ತೀನಿ. ಅಷ್ಟರಲ್ಲಿ ನಿಂಗೇ ಏನನ್ಸುತ್ತೋ ಯೋಚನೆ ಮಾಡು."

ಸಿಟ್ಟು ಬರಲಿಲ್ಲ, ಅವರ ಮಾತು ನ್ಯಾಯವೇ. ಆದರೆ ಯುಗಾದಿಯ ಪಂಕ್ತಿಯಲ್ಲಿ ಕುಳಿತರೆ ಆಫ್ರಿಕಾದವಳು, ಈ ಹಾಲ್‌ನಲ್ಲಿ ಕುಳಿತರೆ ಇಂಡಿಯಾದವಳು. ಎಲ್ಲಿ ಕುಳಿತರೂ ನನ್ನ ಕುರ್ಚಿ ಎದ್ದು ಹೋಗುವವಳ ಕುರ್ಚಿಯೇ ಆಯಿತಲ್ಲ ಅನ್ನಿಸಿತು. ಒಂದು ಗೋಡೆಯ ಮೇಲೆ ಮೂರಡಿ ಜಾಗ, ಅಷ್ಟೇ. ಆ ಮೂರಡಿ ನನಗೆ ಬೇಕೇ ಬೇಕಾಗಿತ್ತು.

ಅವತ್ತೇ ಒಂದು ಪೆದ್ದು ಕೆಲಸ ಮಾಡಿದೆ. ಪೇಟೆಯ ಆಫ್ರಿಕನ್ ಅಂಗಡಿಗೆ ಹೋಗಿ, ಕಣ್ಣು ಕುಕ್ಕುವ ಹಳದಿ, ನೀಲಿ, ಕೇಸರಿಯ ಅಚ್ಚಿನ ಬಟ್ಟೆ ತಂದೆ. ಅದನ್ನು ಕೌದಿಯ ಮೇಲೆಲ್ಲ ಹಾಕಿ ಹೊಲಿದೆ. ಇನ್ನು ಯಾರು ಇಂಡಿಯಾದ್ದು ಎನ್ನುತ್ತಾರೋ ನೋಡೋಣ ಎಂಬ ಹಟ. ದೊಡ್ಡವ್ವನಿಗೆ ತೋರಿಸಿದರೆ ಅವಳು ಹೊಲಿಗೆಯನ್ನು ನೋಡಲೇ ಇಲ್ಲ.

"ಇದನ್ನ ಯಾರ ಉಟ್ಟಿದ್ರು?"

"ಯಾರೂ ಇಲ್ಲ ದೊಡ್ಡವ್ವಾ. ಹೊಸಾದು, ಅಂಗಡ್ಯಾಗ ತಂದೆ."

"ಅಲ್ಲಲೇ, ಯಾರೂ ಉಡದ ಬಟ್ಟಿಲೇ ಕೌದಿ ಹೊಲಿತಾರನ? ಮೈಯ ಬಿಸಿ ಕಾಣದ ಬಟ್ಟಿ ಅದು. ಹೊದಿಯವ್ರಿಗೆ ಏನ್ ಕೊಟ್ಟೀತು?"

ಮರುವಾರ ಹಾಲ್‌ನಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಆ ಬಟ್ಟೆ ಬಿಚ್ಚುತ್ತಾ ಕುಳಿತಿದ್ದೆ. ಚಿಯೋಮಾ ಆಂಟಿ ಬಂದರು. ಬಿಚ್ಚಿದ ತುಂಡೊಂದನ್ನು ಎತ್ತಿ, ಅಂಚು ತಿರುಗಿಸಿ ಕನ್ನಡಕದ ಕೆಳಗಿಂದ ಓದಿದರು. ಓದಿ, ಅದನ್ನು ಮಿಸ್ ಪರ್ಲ್ ಕೈಗೆ ಕೊಟ್ಟರು. ಅಂಚಿನ ಮೇಲೆ ಹಾಲೆಂಡ್ ಎಂದು ಅಚ್ಚಾಗಿತ್ತು. ಆ ಇಡೀ ಶರತ್ಕಾಲದಲ್ಲಿ ಚಿಯೋಮಾ ಆಂಟಿ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ. ಅವರ ತಾಯಿಯೂ ಭಾನುವಾರ ಇಂಥದನ್ನೇ ಉಟ್ಟು ಚರ್ಚಿಗೆ ಹೋಗುತ್ತಿದ್ದರಂತೆ. ಹಾಲೆಂಡಿನವರು ಅಚ್ಚು ಹಾಕಿ ಆಫ್ರಿಕಾಕ್ಕೆ ಮಾರಿದ್ದು, ಆಫ್ರಿಕಾದವರು ಉಟ್ಟೂ ಉಟ್ಟೂ ತಮ್ಮದು ಮಾಡಿಕೊಂಡದ್ದು.

ಮಿಸ್ ಪರ್ಲ್ ಆಗ ತಮ್ಮ ಚೀಲದಿಂದ ಪ್ರದರ್ಶನಕ್ಕೆಂದು ತಂದಿದ್ದ ತಲೆವಸ್ತ್ರ ತೆಗೆದರು. ಕೆಂಪು ಬಿಳಿ ಚೌಕಳಿ, ಒಗೆದೂ ಒಗೆದೂ ಮೆತ್ತಗಾದದ್ದು. ನಮ್ಮೂರಿನ ಗಂಡಸರ ಹೆಗಲ ಮೇಲಿನ ವಸ್ತ್ರವೇ ಎದ್ದು ಬಂದಂತಿತ್ತು.

"ನಮ್ಮ ದೇಶದ ಹಬ್ಬಕ್ಕೆ ಹೆಂಗಸರೆಲ್ಲ ಇದನ್ನೇ ಉಡೋದು. ಜಮೈಕಾ ಅಂದ್ರೆ ಇದೇ. ನಮ್ಮಜ್ಜಿ ಇದಕ್ಕೆ ಮದ್ರಾಸ್ ಅಂತಿದ್ಲು. ಮದ್ರಾಸ್ ಅನ್ನೋದು ಕಿಂಗ್‌ಸ್ಟನ್ ಆಚೆಗಿರೋ ಒಂದು ಹಳ್ಳಿ ಅಂತ್ಲೇ ನಾನು ಹತ್ತು ವರ್ಷದ ತನಕ ನಂಬಿದ್ದೆ."

ಮದ್ರಾಸು ನಮ್ಮ ಹುಬ್ಬಳ್ಳಿಯಿಂದ ಒಂದು ರಾತ್ರಿಯ ರೈಲು ಎಂದೆ. ಮಿಸ್ ಪರ್ಲ್ ಚಿಯೋಮಾ ಆಂಟಿಯ ಮುಖ ನೋಡಿದರು. ಹಾಗಾದರೆ ನನ್ನದನ್ನೂ ಗೋಡೆಯಿಂದ ಇಳಿಸುತ್ತೀಯಾ, ಎಂದು ಬಾಯಿಬಿಟ್ಟು ಕೇಳಲಿಲ್ಲ. ಆ ವಸ್ತ್ರದ ತುದಿಯನ್ನು ಹಲ್ಲಿನಿಂದ ಕಚ್ಚಿ, ಪರ್ ಎಂದು ಒಂದು ಪಟ್ಟಿ ಹರಿದು ನನ್ನ ಮಡಿಲಿಗೆ ಹಾಕಿದರು. ಮೊದಲನೆಯ ಹೂವು ಹಾಗೆ ಬಂತು. ಆಂಟಿ ಮಾತ್ರ, ಶುಕ್ರವಾರ ನೋಡೋಣ, ಎಂದು ಪುಸ್ತಕ ಮುಚ್ಚಿದರು.

ಎರಡನೆಯದು ಮಂಜುಳಕ್ಕನದು. ತಮ್ಮ ಮಾತಿನಿಂದ ಏನಾಯಿತೆಂದು ಹೇಗೋ ತಿಳಿದು, ತಾಯಿಯ ಹಳೆಯ ಇಳಕಲ್ ಸೀರೆಯ ತುಂಡು ಹಿಡಿದುಕೊಂಡು ಮನೆಗೆ ಬಂದರು. "ನಾ ಹಂಗ ಅನಬಾರದಿತ್ತೇನ ಸುಶೀಲಾ?" ಅಂದರು. ನೀವು ಅಂದದ್ದು ಖರೆನೇ ಐತ್ರಿ ಅಕ್ಕಾ, ಅಂದೆ. ಖರೆಯೇ ಆಗಿತ್ತು. ನಾವು ಧಾರವಾಡದವರಿಂದ ಕಲಿತೆವೋ, ಅವರು ನಮ್ಮಿಂದ ಕಲಿತರೋ ಎಂದು ದೊಡ್ಡವ್ವನನ್ನೂ ಕೇಳಿದ್ದೆ. ಯಾರು ನೋಡಿದ್ದಾರೆ, ಚಳಿ ಎಲ್ಲರಿಗೂ ಆಗುತ್ತದೆ, ಎಂದಿದ್ದಳು. ಮೂರನೆಯದು ಪಕ್ಕದ ಮನೆಯ ಐರಿಷ್ ಅಜ್ಜಿ ನೋರಾಳದು. ಕಿಟಕಿಯಲ್ಲಿ ನಾನು ಹೊಲಿಯುವುದನ್ನು ದಿನಾ ನೋಡುತ್ತಿದ್ದವಳು, ಮಳೆಯಲ್ಲಿ ಬಂದು ತಟ್ಟೆ ಒರೆಸುವ ಹಳೆಯ ನಾರುಬಟ್ಟೆಯೊಂದನ್ನು, ನಿನ್ನ ಹೊದಿಕೆಗೆ ಬೇಕಾದೀತು, ಎಂದು ಕೊಟ್ಟು ಹೋದಳು. ಕೌದಿಯ ಮೈಗೆ ನನ್ನ ಅಮ್ಮನ ಸೀರೆ, ನನ್ನ ಹಳೆಯ ಯೂನಿಫಾರ್ಮು, ಹರಿದ ದಿಂಬಿನ ಚೀಲ. ಶುಕ್ರವಾರ ಮಧ್ಯಾಹ್ನಕ್ಕೆ ಸುತ್ತು ಸುತ್ತಿ ನಡುವಿಗೆ ಬಂದು ಗಂಟು ಹಾಕಿದೆ. ಬೆರಳ ತುದಿಯೆಲ್ಲ ಜರಡಿಯಾಗಿತ್ತು.

ನಾಲ್ಕನೆಯ ಮೂಲೆ ಖಾಲಿ ಇತ್ತು.

ಸಂಜೆ ಚಿಯೋಮಾ ಆಂಟಿ ನನ್ನ ಮನೆಗೆ ಬಂದರು. ಕೌದಿಯನ್ನು ಮೇಜಿನ ಮೇಲೆ ಹರವಿದೆ. ಬಹಳ ಹೊತ್ತು ನೋಡಿದರು, ಹಿಂಬದಿ ತಿರುವಿ ಹೊಲಿಗೆಯ ಸಾಲು ನೋಡಿದರು. ಮೂರು ಮೂಲೆ ಮುಟ್ಟಿ, ನಾಲ್ಕನೆಯದರ ಹತ್ತಿರ ಬೆರಳು ನಿಲ್ಲಿಸಿದರು. ಇದೇಕೆ ಹೀಗೆ, ಎಂದರೆ ಏನು ಹೇಳಲಿ? ಕೇಳಬಾರದು ಎನ್ನುವ ಕಟ್ಟಳೆಯನ್ನು ಬಿಡಿಸಿ ಹೇಳಿದರೆ ಕೇಳಿದಂತೆಯೇ ಅಲ್ಲವೇ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. "ನಾಳೆ ಬೆಳಿಗ್ಗೆ ಬೇಗ ಬಾ" ಎಂದಷ್ಟೇ ಹೇಳಿ ಹೋದರು. ಗೋಡೆಗೆ ಹೌದು ಎಂದರೋ ಅಲ್ಲ ಎಂದರೋ ತಿಳಿಯಲಿಲ್ಲ. ಅವರು ಹೌದು ಎಂದರೂ ಬರಿಮೈಯ ಕೌದಿಯನ್ನು ನಾನು ತೂಗುಹಾಕುವಂತಿರಲಿಲ್ಲ. ಮಡಿಸಿ ಚೀಲದಲ್ಲಿಟ್ಟೆ. ಗೋಡೆಯ ಆಸೆ ಬಿಟ್ಟೆ.

ಬೆಳಿಗ್ಗೆ ಹಾಲ್‌ಗೆ ಹೋದಾಗ ಚಿಯೋಮಾ ಆಂಟಿ ಕಿಟಕಿಯ ಪಕ್ಕ ಕುಳಿತಿದ್ದರು. ಕೈಯಲ್ಲಿ ಕತ್ತರಿ. ತೊಡೆಯ ಮೇಲೆ ಜರಿ ಮಾಸಿದ ಒಂದು ನೇರಳೆ ಬಟ್ಟೆ.

"ಇದಕ್ಕೆ ನಾವು ಜಾರ್ಜ್ ಅಂತೀವಿ. ನಮ್ಮ ಕಡೆ ಇದಿಲ್ದೆ ಮದುವೆ ಆಗಲ್ಲ. ನಮ್ಮಮ್ಮ ಉಟ್ಟಿದ್ಲು, ಆಮೇಲೆ ನಾನುಟ್ಟೆ. ನಿನ್ನೆ ಪೆಟ್ಟಿಗೆಯಿಂದ ತೆಗೆದೆ." ಮಾಸಿದ ಜರಿಯ ಮೇಲೆ ಬೆರಳಾಡಿಸಿ, "ಇದೂ ನಿಮ್ಮ ಮದ್ರಾಸಿಂದ್ಲೇ ಬರ್ತಿದ್ದದ್ದು. ಗೊತ್ತಿತ್ತು ನಂಗೆ. ಗೊತ್ತಿದ್ದೂ ಯೋಚನೆ ಮಾಡಿರ್ಲಿಲ್ಲ" ಅಂದರು.

ನಾನು ಕೌದಿಯ ನಾಲ್ಕನೆಯ ಮೂಲೆ ಮುಂದೆ ಹಿಡಿದೆ. ಸೂಜಿಯನ್ನು ನನಗೆ ಕೊಡಲೊಲ್ಲರು, ತಾವೇ ಹೊಲಿಯುತ್ತೇನೆ ಎಂದರು. ಆ ಹೊತ್ತಿಗೆ ಸರಿಯಾಗಿ ದೊಡ್ಡವ್ವನ ಕರೆ ಬಂತು. ಫೋನನ್ನು ಚಹಾದ ಕಪ್ಪಿಗೆ ಒರಗಿಸಿಟ್ಟೆ. ಅವಳು ಸ್ವಲ್ಪ ಹೊತ್ತು ನೋಡಿದಳು.

"ಯಾರಾಕಿ? ದನ ಹೆಜ್ಜಿ ಇಟ್ಟಂಗ ಹೊಲಿಗಿ ಹಾಕ್ತಾಳಲ್ಲ."

ಏನು ಹೇಳುತ್ತಿದ್ದಾರೆ ಎಂದು ಆಂಟಿ ಕೇಳಿದರು. ಗ್ರ್ಯಾಂಡ್ ಆಗಿದೆ ಅಂತಿದ್ದಾರೆ, ಎಂದೆ. ಮಿಸ್ ಪರ್ಲ್ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು ಕಿಟಕಿಯ ಕಡೆ ತಿರುಗಿದರು.

ಹೊಲಿದು ಮುಗಿಸಿ, ಆಂಟಿ ಕಾರ್ಡು ತೆಗೆದುಕೊಂಡರು. ಕೌದಿ ಎಂದು ಬರೆದರು. ಸುಶೀಲಾ ಸಿದ್ದಿ ಎಂದು ಬರೆದರು. ದೇಶ ಎಂಬಲ್ಲಿ ಪೆನ್ನು ನಿಂತಿತು. ಕೊನೆಗೆ, "ಅವರನ್ನೇ ಕೇಳು" ಎಂದು ಫೋನು ತೋರಿಸಿದರು. ಈ ಕೌದಿಯ ಕೆಳಗೆ ಯಾವ ದೇಶ ಬರೆಯಬೇಕಂತೆ, ಎಂದು ದೊಡ್ಡವ್ವನನ್ನು ಕೇಳಿದೆ.

"ದೇಶ ತಗೊಂಡು ಕೌದಿ ಏನ್ ಮಾಡ್ತೈತಿ? ಯಾರ ಹೊಚ್ಚಿಕೊಂಡು ಮಲಗ್ತಾರ, ಅವರ ಹೆಸರು ಬರೀ ಅನ್ನು. ಅದಿರ್ಲಿ, ಯಾರಿಗಂತ ಹೊಲದೀ ಇದನ್ನ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಎರಡು ತಿಂಗಳು ಗೋಡೆಗೆಂದು ಹೊಲಿದಿದ್ದೆ. ನಮ್ಮಲ್ಲಿ ಯಾರೂ ಗೋಡೆಗೆ ಕೌದಿ ಹೊಲಿಯುವುದಿಲ್ಲ. ಹುಟ್ಟಿದ ಕೂಸಿಗೋ, ಚಳಿ ತಡೆಯದ ಮುದುಕರಿಗೋ, ಹೆಸರು ಹಿಡಿದೇ ಹೊಲಿಯುತ್ತಾರೆ. ದೊಡ್ಡವ್ವ ಹೇಳಿದ್ದನ್ನು ಆಂಟಿಗೆ ತಿಳಿಸಿದೆ. ಅವರು ತಲೆಯೆತ್ತಿ ಹಾಲ್ ಸುತ್ತ ನೋಡಿದರು. ಮಿಸ್ ಪರ್ಲ್ ಹೀಟರಿಗೆ ಬೆನ್ನು ತಾಗಿಸಿ, ಒಳಗಿದ್ದರೂ ಕೋಟು ಬಿಚ್ಚದೆ ಕುಳಿತಿದ್ದರು. ಚಿಯೋಮಾ ಆಂಟಿ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ದೇಶ ಎನ್ನುವುದಕ್ಕೆ ಗೆರೆ ಎಳೆದು, ಯಾರಿಗೆ ಎಂದು ತಿದ್ದಿ, ಪರ್ಲ್ ಎಂದು ಬರೆದರು.

ಆ ದಿನ ಬಹಳ ಜನ ಬಂದರು. ಕಿಟಕಿಯ ಪಕ್ಕ ಕೌದಿ ತೂಗುತ್ತಿತ್ತು. ಮಂಜುಳಕ್ಕ ಕನ್ನಡದವರನ್ನೆಲ್ಲ ಕರೆದುಕೊಂಡು ಬಂದು, ಈ ಸಲ ಇಂಗ್ಲಿಷಿನಲ್ಲಿ ಏನೂ ವಿವರಿಸದೆ ನನ್ನನ್ನೇ ಮುಂದೆ ನಿಲ್ಲಿಸಿದರು. ನಾನು ನಮ್ಮ ಹಿರಿಯರ ವಿಷಯ ಹೇಳಿದೆ, ಗೊತ್ತಿದ್ದಷ್ಟು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದೆ. ಸಂಜೆ ಕೌದಿ ಇಳಿಸಿ ಮಡಿಸಿ ಮಿಸ್ ಪರ್ಲ್ ಕೈಗಿಟ್ಟರೆ, ಅವರು ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡೇ ಬಸ್ಸಿಗೆ ಹೊರಟರು. ಬಸ್ ಸ್ಟಾಪಿನಲ್ಲಿ ನಿಂತು, ಇದನ್ನು ಮಷೀನಿಗೆ ಹಾಕಬಹುದೇ, ಎಂದು ಕೇಳಿದರು. ಹಾಕಬಾರದು, ಕೈಯಲ್ಲೇ ಒಗೆಯಬೇಕು, ನೀರು ಕುಡಿದರೆ ಒಬ್ಬರಿಂದ ಎತ್ತಲಾಗುವುದಿಲ್ಲ, ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು, ಎಂದೆ.

"ಹಂಗಾದ್ರೆ ಬೇಸಿಗೇಲಿ ಬಿಸಿಲು ಬಿದ್ದ ದಿನ ಬಾ" ಅಂದರು.

ಜೂನ್‌ನಲ್ಲಿ ಹೋದೆ. ಅವರ ಹಿತ್ತಿಲಿನಲ್ಲಿ ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಹಿಂಡಿದೆವು. ಚಿಯೋಮಾ ಆಂಟಿಯೂ ಬಂದಿದ್ದರು. ಮೂರನೆಯವರಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ನೀವಿಬ್ಬರೂ ಒಂದೇ ಕಡೆಗೆ ತಿರುಚುತ್ತಿದ್ದೀರಿ, ಹಾಗೆ ಮಾಡಿದರೆ ನೀರು ಹೋಗುವುದು ಹೇಗೆ, ಎಂದು ಬೈಯುತ್ತಾ ಬೇಲಿಯ ಹತ್ತಿರ ನಿಂತಿದ್ದರು.